ಕ್ಯಾಬಿನ್ ಕಿಂಡಿ: ದೆವ್ವದ ಪಕ್ಷ ವಹಿಸುವವರು

ಹಳೆಯ ಹಾಲಿವುಡ್ ಹಾರರ್ ಚಿತ್ರಗಳನ್ನು ಸಲಿಂಗ ಪ್ರೇಮದ ಕಣ್ಣಿನಿಂದ ನೋಡುವವರೂ ಇದ್ದಾರೆ, ಆ ನೋಟದಲ್ಲಿ ಹುರುಳಿದೆ ಎಂದು ಕಳೆದ ತಿಂಗಳು ಇಲ್ಲಿ ಎರಡು ಸಾಲು ಬರೆದಿದ್ದೆ. ಕ್ಯಾತಸಂದ್ರದ ತಟ್ಟೆ ಇಡ್ಲಿಯ ಮೇಲೆ ಹಾಕುವ ಬೆಣ್ಣೆಯಷ್ಟು ಸಣ್ಣ ಮಾತು. ಸಂಪಾದಕರು ಕಳಿಸಿದ ಲಕೋಟೆ ಬಿಚ್ಚಿದರೆ 19 ಪತ್ರಗಳು. ನಾಲ್ಕರಲ್ಲಿ ಬರೀ ಬೈಗುಳ. ಅವುಗಳಿಗೆ ಉತ್ತರವಿಲ್ಲ, ಆದರೆ ಒಂದರ ಅಕ್ಷರ ಮುತ್ತು ಪೋಣಿಸಿದಂತಿತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ಉಳಿದವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ವಿಮರ್ಶಕನಲ್ಲ. ತುಮಕೂರಿನ ಒಂದು ಚಿತ್ರಮಂದಿರದಲ್ಲಿ 1977ರಿಂದ 11 ವರ್ಷ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದೆ. ಆಮೇಲೆ ಅದೇ ಊರಿನಲ್ಲಿ ವಿಡಿಯೊ ಕ್ಯಾಸೆಟ್ ಲೈಬ್ರರಿ ಇಟ್ಟುಕೊಂಡೆ. ಸಿನಿಮಾ ನನಗೆ ಮೊದಲು ಕೈಗೆ ಸಿಕ್ಕಿತು, ಆಮೇಲೆ ಕಣ್ಣಿಗೆ.

“ನೀವು ಹೇಳಿದ 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ಚಿತ್ರವನ್ನು ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ರಾಕ್ಷಸನಿಗೆ ಹೆಣ್ಣು ಹುಡುಕುವ ಕಥೆ, ಅಷ್ಟೇ. ಹುಡುಕುತ್ತಾ ಹೋದರೆ ಎಲ್ಲದರಲ್ಲೂ ಎಲ್ಲವೂ ಸಿಗುತ್ತದೆ. ನಿರ್ದೇಶಕರ ತಲೆಯಲ್ಲಿ ಇಲ್ಲದ್ದನ್ನು ನೀವು ತುರುಕುತ್ತಿಲ್ಲವೇ?” — ನಿವೃತ್ತ ಶಿಕ್ಷಕರು, ಮಧುಗಿರಿ

ಮೇಷ್ಟ್ರೇ, ನ್ಯಾಯವಾದ ಪ್ರಶ್ನೆ. ಉತ್ತರ ಹೇಳುವ ಮೊದಲು ನಿಮ್ಮನ್ನು ಕ್ಯಾಬಿನ್ನಿನ ಮೂಲೆಯಲ್ಲಿದ್ದ ರಿವೈಂಡಿಂಗ್ ಬೆಂಚಿನ ಹತ್ತಿರ ಕೂರಿಸಬೇಕು.

ಫಿಲ್ಮ್ ಪೆಟ್ಟಿಗೆ ನಮ್ಮಲ್ಲಿಗೆ ಬರುವ ಹೊತ್ತಿಗೆ ಹತ್ತು ಊರಿನ ನೀರು ಕುಡಿದಿರುತ್ತಿತ್ತು. ಮೊದಲ ಆಟಕ್ಕೆ ಮುಂಚೆ ಪ್ರತಿ ರೀಲನ್ನೂ ಕೈಯಿಂದಲೇ ಸುತ್ತುತ್ತಾ, ಫಿಲ್ಮಿನ ಅಂಚುಗಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಾಯಿಸುತ್ತಿದ್ದೆ. ಅಂಟಿಸಿದ ಜಾಗ ಬಂದಾಗ ಬೆರಳಿಗೆ ತಡೆಯುತ್ತದೆ, ಉಗುರಿನ ಅಂಚಿನಷ್ಟು ಉಬ್ಬು. ಅಲ್ಲಿ ನಿಲ್ಲಿಸಿ ಬಲ್ಬಿಗೆ ಹಿಡಿದು ನೋಡುವುದು. ಒಂದು ಚೌಕಟ್ಟಿನಲ್ಲಿ ನಾಯಕಿ ಬಾಗಿಲಲ್ಲಿ ನಿಂತಿದ್ದಾಳೆ, ಪಕ್ಕದ ಚೌಕಟ್ಟಿನಲ್ಲಿ ಮಂಚದ ಮೇಲೆ ಬಿದ್ದು ಅಳುತ್ತಿದ್ದಾಳೆ. ನಡುವೆ ಏನೋ ಹೋಗಿದೆ. ಫಿಲ್ಮ್ ಹರಿದದ್ದಿರಬಹುದು, ಹಿಂದಿನ ಊರಿನ ಆಪರೇಟರ್ ನೆನಪಿಗೆಂದು ಕತ್ತರಿಸಿ ಇಟ್ಟುಕೊಂಡದ್ದಿರಬಹುದು (ನಮ್ಮ ಕಸುಬಿನ ಗುಟ್ಟು ಬಿಟ್ಟುಕೊಡುತ್ತಿದ್ದೇನೆ), ಸೆನ್ಸಾರಿನವರ ಕತ್ತರಿ ಇರಬಹುದು. ಅಡಿಗೆ 16 ಚೌಕಟ್ಟು, ಸೆಕೆಂಡಿಗೆ 24. ಮೂರು ಅಡಿ ಹೋದರೆ ಎರಡು ಸೆಕೆಂಡು ಹೋಯಿತು. ಎರಡು ಸೆಕೆಂಡಿನಲ್ಲಿ ಒಂದು ಮುತ್ತು ಮುಗಿದುಹೋಗುತ್ತದೆ. ಗಾಂಧಿ ಕ್ಲಾಸಿನಲ್ಲಿ ಕೂತವರಿಗೆ ಬೆರಳಿನ ಈ ವಿದ್ಯೆ ಇಲ್ಲ, ಆದರೂ “ಲೇ ಆಪರೇಟರ್, ಕಟ್!” ಎಂದು ಕೂಗುತ್ತಿದ್ದರಲ್ಲ, ಅವರಿಗೆ ಹೇಗೆ ಗೊತ್ತಾಗುತ್ತಿತ್ತು? ಆ ಚೂರಿಗಾಗಿಯೇ ಕಾಯುತ್ತಿದ್ದವರಿಗೆ ಗೊತ್ತಾಗುತ್ತದೆ.

ಈಗ ಹಾಲಿವುಡ್ಡಿಗೆ ಬನ್ನಿ. ಅಲ್ಲಿಯ ಚಿತ್ರೋದ್ಯಮ 1930ರಲ್ಲಿ ತನಗೆ ತಾನೇ ಒಂದು ನೀತಿಸಂಹಿತೆ ಬರೆದುಕೊಂಡಿತು. ನಾಲ್ಕು ವರ್ಷ ಅದು ಹೋದ ವರ್ಷದ ಕ್ಯಾಲೆಂಡರಿನಂತೆ ಗೋಡೆಯ ಮೇಲೆ ತೂಗಾಡುತ್ತಿತ್ತು. 1934ರ ಜುಲೈನಿಂದ ಉದ್ಯಮವೇ ನೇಮಿಸಿದ ಜೋಸೆಫ್ ಬ್ರೀನ್ ಅವರ ಕಚೇರಿ ಅದನ್ನು ಬಿಗಿಯಾಗಿ ಜಾರಿಗೆ ತಂದಿತು. ‘ಲೈಂಗಿಕ ವಿಕೃತಿ’ಯನ್ನು ತೋರಿಸುವುದು ಹಾಗಿರಲಿ, ಸೂಚಿಸುವುದೂ ಕೂಡದು ಎಂಬುದು ಅದರ ಒಂದು ನಿಯಮ. ಆ ಕಾಲದ ಮಾತಿನಲ್ಲಿ ಸಲಿಂಗ ಪ್ರೇಮವೂ ಆ ಪದದೊಳಗೆ ಸೇರಿತ್ತು. ಮನೆ, ಮದುವೆ, ಕಚೇರಿಗಳ ಕಥೆಯಲ್ಲಿ ಅಂಥವರಿಗೆ ಜಾಗವಿಲ್ಲವೆಂದಾಯಿತು. ಸ್ಮಶಾನದಲ್ಲಿ, ಪಾಳು ಬಂಗಲೆಯಲ್ಲಿ, ಸೀಸೆಗಳು ಕುದಿಯುವ ಪ್ರಯೋಗಾಲಯದಲ್ಲಿ ಇದ್ದರೆ? ದೆವ್ವಕ್ಕೆ ಕುಲಗೋತ್ರ ವಿಚಾರಿಸುವವರುಂಟೇ!

ನೀವು ನೋಡಿದ ಚಿತ್ರ ತೆರೆಗೆ ಬಂದದ್ದು 1935ರ ಏಪ್ರಿಲ್‌ನಲ್ಲಿ, ಬ್ರೀನ್ ಕಚೇರಿ ಬಿಗಿಯಾದ ಒಂಬತ್ತು ತಿಂಗಳಿಗೆ. ನಿರ್ದೇಶಕ ಜೇಮ್ಸ್ ವೇಲ್ ಇಂಗ್ಲೆಂಡಿನ ಡಡ್ಲಿಯ ಬಡವರ ಮನೆಯವರು. ಮೊದಲ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕಿ, ಸೆರೆಶಿಬಿರದಲ್ಲೇ ನಾಟಕದ ರುಚಿ ಹತ್ತಿಸಿಕೊಂಡವರು. ಹಾಲಿವುಡ್‌ನಲ್ಲಿ ನಿರ್ಮಾಪಕ ಡೇವಿಡ್ ಲೂಯಿಸ್ ಅವರೊಂದಿಗೆ, ಯಾರಿಂದಲೂ ಮುಚ್ಚಿಡದೆ, ಸಂಸಾರ ಹೂಡಿದ್ದವರು.

ಕಥೆಯನ್ನು ಮತ್ತೊಮ್ಮೆ ನೆನಪು ಮಾಡಿಕೊಳ್ಳಿ. ರಾಕ್ಷಸನನ್ನು ಹುಟ್ಟಿಸಿದ ವಿಜ್ಞಾನಿ ಹೆನ್ರಿ ಫ್ರಾಂಕನ್‌ಸ್ಟೈನ್ ಪೆಟ್ಟು ತಿಂದು ಮಲಗಿದ್ದಾನೆ, ಅವನ ಮದುಮಗಳು ಎಲಿಜಬೆತ್ ಪಕ್ಕದಲ್ಲಿ ಕೂತು ಆರೈಕೆ ಮಾಡುತ್ತಿದ್ದಾಳೆ. ರಾತ್ರಿ ಬಾಗಿಲು ಬಡಿದ ಸದ್ದು. ಬಂದವನು ಹಳೆಯ ಗುರು ಪ್ರಿಟೋರಿಯಸ್. ಹುಬ್ಬೇರಿಸಿ, ಒಂದೊಂದು ಪದವನ್ನೂ ಚಪ್ಪರಿಸಿ ಮಾತನಾಡುವ ಎರ್ನೆಸ್ಟ್ ಥೆಸಿಗರ್ ಆ ಪಾತ್ರಧಾರಿ. ಹೆನ್ರಿಯೊಬ್ಬನೊಡನೆಯೇ ಮಾತಾಡಬೇಕೆಂದು ಹಟ ಹಿಡಿದು, ಅವನನ್ನು ಹಾಸಿಗೆಯಿಂದ ಎಬ್ಬಿಸಿ ತನ್ನ ಮನೆಗೆ ಕರೆದೊಯ್ದು, ಗಾಜಿನ ಭರಣಿಗಳಲ್ಲಿ ಬೆಳೆಸಿದ ಗೇಣುದ್ದದ ರಾಜರಾಣಿಯರನ್ನು ತೋರಿಸುತ್ತಾನೆ. ನಾವಿಬ್ಬರೂ ಸೇರಿ ಒಂದು ಜೀವವನ್ನು ಹುಟ್ಟಿಸೋಣ ಎನ್ನುತ್ತಾನೆ. ಮೇಷ್ಟ್ರೇ, ಇದರಲ್ಲಿ ನಾನು ತುರುಕಿದ್ದು ಯಾವುದು?

ಆದರೂ ಪ್ರಿಟೋರಿಯಸ್‌ಗಿಂತ ನನ್ನ ಮನಸ್ಸು ಹೋಗುವುದು ಕಾಡಿನ ಗುಡಿಸಲಿನ ಕುರುಡು ಮುದುಕನ ಕಡೆಗೆ. ಊರಿನವರು ಅಟ್ಟಿಸಿಕೊಂಡು ಬಂದ ರಾಕ್ಷಸ, ಅಂದರೆ ಬೋರಿಸ್ ಕಾರ್ಲಾಫ್, ಪಿಟೀಲಿನ ಸದ್ದು ಕೇಳಿ ಆ ಗುಡಿಸಲಿಗೆ ಬರುತ್ತಾನೆ. ಮುದುಕನಿಗೆ ಕಣ್ಣಿಲ್ಲ, ಹಾಗಾಗಿ ಹೆದರಿಕೆಯೂ ಇಲ್ಲ. ಒಳಗೆ ಕರೆದು ಉಣ್ಣಿಸಿ ಮಲಗಿಸುತ್ತಾನೆ. ಒಂಟಿಯಾಗಿದ್ದ ನನಗೆ ಗೆಳೆಯನನ್ನು ಕಳಿಸಿದೆಯಲ್ಲ ಎಂದು ಅವನ ಕೈ ಹಿಡಿದುಕೊಂಡೇ ದೇವರಿಗೆ ಕೃತಜ್ಞತೆ ಹೇಳಿ ಅಳುತ್ತಾನೆ. ಹೊಲಿಗೆ ಹಾಕಿದ ಆ ಮುಖದ ಮೇಲೂ ಒಂದು ಹನಿ ಇಳಿಯುತ್ತದೆ. ದೃಶ್ಯ ಕಪ್ಪಾಗುತ್ತದೆ, ಗೋಡೆಯ ಮೇಲಿನ ಶಿಲುಬೆ ಮಾತ್ರ ಒಂದು ಗಳಿಗೆ ಹೆಚ್ಚು ಹೊಳೆಯುತ್ತಾ ಉಳಿದು ಆಮೇಲೆ ಆರುತ್ತದೆ. ಆಪರೇಟರನಾಗಿ ಹೇಳುತ್ತೇನೆ, ಅದು ತಾನಾಗಿ ಆಗುವ ಕೆಲಸವಲ್ಲ, ಯಾರೋ ಕೂತು ಮಾಡಿದ್ದು. ಮುಂದೆ ರೊಟ್ಟಿ, ದ್ರಾಕ್ಷಾರಸ, ಚುಟ್ಟಾ, ನಾಲ್ಕು ಮಾತು ಕಲಿಕೆ. ಇಬ್ಬರು ಗಂಡಸರ ಪುಟ್ಟ ಮನೆತನ. ಬೇಟೆಗಾರರಿಬ್ಬರು ಬಂದು “ಇವನು ಯಾರು ಗೊತ್ತೇ?” ಎಂದು ಕಣ್ಣಿಲ್ಲದವನಿಗೆ ಕಣ್ಣು ಕೊಡುತ್ತಾರೆ, ಗುಡಿಸಲು ಹೊತ್ತಿ ಉರಿಯುತ್ತದೆ.

ನಿಮ್ಮ ಪರವಾಗಿಯೂ ಒಂದು ಸಾಕ್ಷಿ ಇದೆ, ಅದನ್ನು ಬಚ್ಚಿಡುವುದಿಲ್ಲ. ವೇಲ್ ಅವರ ಚಿತ್ರಗಳನ್ನು ಹೀಗೆ ಓದುವುದನ್ನು ಅವರ ಸಂಗಾತಿ ಲೂಯಿಸ್ ಅವರೇ ಒಪ್ಪಲಿಲ್ಲ. ವೇಲ್ ಮೊದಲು ಕಲಾವಿದರು ಎಂದರು. ಇರಲಿ. ಮಾಡಿದವರ ಮನಸ್ಸು ಮಾಡಿದವರಿಗೆ. ನನ್ನ ಕುತೂಹಲ ಕತ್ತಲಲ್ಲಿ ಕೂತು ನೋಡಿದವರ ಬಗ್ಗೆ. ಅಮೆರಿಕದ ವೀಟೊ ರುಸ್ಸೊ 1981ರಲ್ಲಿ, ಹ್ಯಾರಿ ಬೆನ್‌ಶಾಫ್ 1997ರಲ್ಲಿ ಹಾಲಿವುಡ್ ಚಿತ್ರಗಳಲ್ಲಿನ ಸಲಿಂಗ ಪ್ರೇಮದ ಮೇಲೆ ಇಡೀ ಪುಸ್ತಕಗಳನ್ನೇ ಬರೆದಿದ್ದಾರೆ. ಗುಡಿಸಲು ಉರಿದಾಗ ಕೆಲವರಿಗೆ ರಾಕ್ಷಸ ಓಡಿಹೋದನೆಂಬ ನಿರಾಳ, ಇನ್ನು ಕೆಲವರಿಗೆ ತಮ್ಮದೇ ಮನೆ ಹೊತ್ತಿಕೊಂಡ ಸಂಕಟ. ಎರಡನೆಯವರು ಇರಲೇ ಇಲ್ಲ ಎನ್ನಲು ನನಗಂತೂ ಧೈರ್ಯವಿಲ್ಲ. ಏಕೆಂಬುದನ್ನು ಈ ಪುಟದ ಕೊನೆಯಲ್ಲಿ ಹೇಳುತ್ತೇನೆ.

“ಕ್ವಿಯರ್ ಎಂಬುದಕ್ಕೆ ಕನ್ನಡ ಪದವೇ ಇಲ್ಲವೇ?” — ಓದುಗರು, ಕೊರಟಗೆರೆ

ನಿಘಂಟು ತೆರೆದರೆ ‘ವಿಚಿತ್ರ’ ಎಂದಿದೆ. ಇಂಗ್ಲಿಷಿನಲ್ಲಿ ಅದು ಬೈಗುಳವಾಗಿತ್ತು. ಬೈಸಿಕೊಂಡವರೇ ಅದನ್ನು ಎತ್ತಿಕೊಂಡು ತಮ್ಮ ಹೆಸರು ಮಾಡಿಕೊಂಡರು. ಗಂಡು–ಹೆಣ್ಣಿನ ರೂಢಿಯ ಜೋಡಿಗೆ ಹೊಂದದ ಎಲ್ಲರನ್ನೂ ಒಳಗೊಳ್ಳುವ ಪದ. ನಮ್ಮಲ್ಲಿ ಬೈಗುಳಗಳಿಗೆ ಬರವಿಲ್ಲ, ಆದರೆ ಅವುಗಳನ್ನು ಎತ್ತಿಕೊಳ್ಳಿ ಎಂದು ಬೇರೆಯವರಿಗೆ ಹೇಳಲು ನಾನು ಯಾರು? ‘ಟಿಕೆಟ್’ ಎಂದ ಹಾಗೆಯೇ ‘ಕ್ವಿಯರ್’ ಎನ್ನುತ್ತೇನೆ.

“ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಹಳೆಯ ಹಾರರ್‌ನಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳಿವೆಯೇ? ಎಲ್ಲಿಂದ ಶುರು ಮಾಡಲಿ?” — ವಿದ್ಯಾರ್ಥಿನಿ, ಸಿರಾ

ಪುಸ್ತಕದಿಂದ ಶುರು ಮಾಡು, ಮಗಳೇ. ರಕ್ತ ಹೀರುವವರ ಕಥೆ ಎಂದರೆ ಎಲ್ಲರೂ 1897ರ ‘ಡ್ರಾಕುಲಾ’ ಹೆಸರು ಹೇಳುತ್ತಾರೆ. ಅದಕ್ಕೆ 25 ವರ್ಷ ಮೊದಲೇ, 1872ರ ಹೊತ್ತಿಗೆ, ಐರ್ಲೆಂಡಿನ ಶೆರಿಡನ್ ಲ ಫಾನು ‘ಕಾರ್ಮಿಲ್ಲಾ’ ಬರೆದಿದ್ದರು. ಒಂಟಿ ಕೋಟೆಯ ಹುಡುಗಿ ಲಾರಾ. ಗಾಡಿ ಉರುಳಿದ ನೆಪದಲ್ಲಿ ಅತಿಥಿಯಾಗಿ ಬಂದು ಉಳಿಯುವ ಕಾರ್ಮಿಲ್ಲಾ. ಅವಳ ಅಪ್ಪುಗೆ ಲಾರಾಗೆ ಬೇಕೆನಿಸುತ್ತದೆ, ಬೇಡವೆನಿಸುತ್ತದೆ. ಕಾರ್ಮಿಲ್ಲಾಳ ತಲೆ ಕಡಿದು ಊರು ನೆಮ್ಮದಿಯಾದ ಎಷ್ಟೋ ದಿನಗಳ ನಂತರವೂ, ಬಾಗಿಲ ಬಳಿ ಅವಳ ಮೆಲು ಹೆಜ್ಜೆ ಕೇಳಿತೇನೋ ಎಂದು ಲಾರಾ ಬೆಚ್ಚುತ್ತಾಳೆ. ಅದು ಹೆದರಿಕೆಯೋ ಹಂಬಲವೋ, ನೀನೇ ಓದಿ ತೀರ್ಮಾನಿಸು.

ಆಮೇಲೆ 1936ರ ‘ಡ್ರಾಕುಲಾಸ್ ಡಾಟರ್’. ಗ್ಲೋರಿಯಾ ಹೋಲ್ಡನ್ ಮಾಡಿದ ಜಲೆಸ್ಕಾ ಎಂಬ ಡ್ರಾಕುಲಾನ ಮಗಳಿಗೆ ತನ್ನ ಆಸೆಯ ಮೇಲೆ ತನಗೇ ಅಸಹ್ಯ. ಅಪ್ಪನ ಹೆಣ ಸುಟ್ಟರೆ ಶಾಪ ತೀರುತ್ತದೆ ಎಂದುಕೊಳ್ಳುತ್ತಾಳೆ, ತೀರುವುದಿಲ್ಲ. ಮನೋವೈದ್ಯನ ಮೊರೆ ಹೋಗುತ್ತಾಳೆ, ಅದೂ ನಾಟುವುದಿಲ್ಲ. ಒಂದು ರಾತ್ರಿ ಅವಳ ಆಳು ಲಿಲಿ ಎಂಬ ಬಡ ಹುಡುಗಿಯನ್ನು ಚಿತ್ರ ಬರೆಯಲು ರೂಪದರ್ಶಿ ಬೇಕೆಂದು ಕರೆತರುತ್ತಾನೆ. ಬೆಂಕಿಯ ಕಾವು, ಕುಡಿಯಲು ದ್ರಾಕ್ಷಾರಸ. ಭುಜದ ಬಟ್ಟೆ ಸರಿಸು ಎಂಬ ಮಾತು. ದಿಟ್ಟಿಸಿ ನೋಡುತ್ತಾ ಹತ್ತಿರ ಬರುವ ಜಲೆಸ್ಕಾ. ಅಷ್ಟರಲ್ಲಿ ಕ್ಯಾಮೆರಾ ನಾಚಿದಂತೆ ಗೋಡೆಯ ಮುಖವಾಡದ ಕಡೆಗೆ ಏರುತ್ತದೆ, ನಮಗೆ ಚೀತ್ಕಾರ ಮಾತ್ರ ಕೇಳುತ್ತದೆ. ಮೇಷ್ಟ್ರಿಗೆ ಹೇಳಿದ ಉಬ್ಬು ಇಲ್ಲಿ ಬರಿಗಣ್ಣಿಗೇ ಕಾಣುತ್ತದೆ.

1942ರ ‘ಕ್ಯಾಟ್ ಪೀಪಲ್’ನಲ್ಲಿ ಒಂದೇ ಒಂದು ಗಳಿಗೆ: ಮದುವೆಯ ಊಟದ ಹೊತ್ತಿನಲ್ಲಿ ಬೆಕ್ಕಿನ ಮುಖದ ಅಪರಿಚಿತ ಹೆಂಗಸೊಬ್ಬಳು ವಧು ಐರೀನಾಳ ಬಳಿ ಬಂದು ಅವಳ ತಾಯ್ನಾಡಿನ ಭಾಷೆಯಲ್ಲಿ ‘ನನ್ನ ಅಕ್ಕಾ’ ಎಂದು ಕರೆದು ಹೊರಟುಹೋಗುತ್ತಾಳೆ. ವಧುವಿನ ಮುಖ ಬಿಳಿಚಿಕೊಳ್ಳುತ್ತದೆ. ನಾವು ಬಚ್ಚಿಟ್ಟದ್ದನ್ನು ತುಂಬಿದ ಪಂಕ್ತಿಯಲ್ಲಿ ನಮ್ಮಂಥವರೇ ಗುರುತು ಹಿಡಿದುಬಿಟ್ಟರೆ ಹೇಗಿರುತ್ತದೆ!

ಕೊನೆಗೆ 1963ರ ‘ದಿ ಹಾಂಟಿಂಗ್’. ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿಯಿಂದ ರಾಬರ್ಟ್ ವೈಸ್ ಮಾಡಿದ್ದು. ಇದರಲ್ಲಿ ದೆವ್ವ ಒಮ್ಮೆಯೂ ಕಾಣುವುದಿಲ್ಲ, ಸದ್ದು ಮಾತ್ರ. ಆದರೂ ಇದನ್ನು ಒಂಟಿಯಾಗಿ ನೋಡಿದ ದಿನ ನಾನು ಬಚ್ಚಲಿಗೆ ಹೋಗಲು ಹೆಂಡತಿಯನ್ನು ಎಬ್ಬಿಸಿದ್ದೆ. ಭೂತಬಂಗಲೆಗೆ ಬಂದ ಇಬ್ಬರು ಹೆಣ್ಣುಗಳಲ್ಲಿ ಒಬ್ಬಳು ಥಿಯೊ. ಹೆಣ್ಣನ್ನು ಒಲಿಯುವವಳು ಎಂಬುದನ್ನು ಚಿತ್ರ ಬಾಯಿಬಿಟ್ಟು ಹೇಳದೆ ಹೇಳುತ್ತದೆ. ಇನ್ನೊಬ್ಬಳು ಎಲಿನಾರ್, ಪಾಪ, ಯಾರ ಕೈಯೂ ಹಿಡಿಯದೆ ಬೆಳೆದವಳು. ರಾತ್ರಿ ಗೋಡೆಯಾಚೆ ಗೊಣಗುವ ಸದ್ದು. ಕತ್ತಲಲ್ಲಿ ಎಲಿನಾರ್ “ನನ್ನ ಕೈ ಇಷ್ಟು ಬಿಗಿಯಾಗಿ ಹಿಡಿಯಬೇಡ” ಎನ್ನುತ್ತಾಳೆ. ದೀಪ ಹತ್ತಿದಾಗ ಥಿಯೊ ಕೋಣೆಯ ಆಚೆ ಬದಿಯ ಹಾಸಿಗೆಯಲ್ಲಿದ್ದಾಳೆ. ಹಾಗಾದರೆ ಹಿಡಿದಿದ್ದ ಕೈ ಯಾರದು? ಮುಂದೊಮ್ಮೆ ಎಲಿನಾರ್ ಸಿಟ್ಟಿನಲ್ಲಿ ಥಿಯೊಳನ್ನು ಪ್ರಕೃತಿಯ ತಪ್ಪು ಎಂದು ಚುಚ್ಚುತ್ತಾಳೆ. ಆದರೆ ಆ ಮನೆಯಿಂದ ಜೀವಂತ ಹೊರಡುವವಳು ಥಿಯೊ. 1963ಕ್ಕೆ ಅದೇ ದೊಡ್ಡದು.

“ಇದೆಲ್ಲ ಇರಲಿ. ನಿಜವಾಗಿ ದೆವ್ವ ಇದೆಯೇ ಇಲ್ಲವೇ?” — ಓದುಗರು, ಪಾವಗಡ

ಸೆಕೆಂಡ್ ಶೋ ಮುಗಿದ ಮೇಲೆ 11 ವರ್ಷ ಕ್ಯಾಬಿನ್ನಿನಲ್ಲೇ ಮಲಗಿದ್ದೇನೆ. ಇಲಿಗಳಿದ್ದವು. ನಮ್ಮ ಕಡೆ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಇಡೀ ಬೀದಿಯಲ್ಲಿ ಬರೆದದ್ದನ್ನು ಓದಿ, ಅರ್ಥ ಮಾಡಿಕೊಂಡು, ವಿನಯದಿಂದ ಹಿಂದಿರುಗುವ ಸಾಕ್ಷರ ದೆವ್ವ ಇದ್ದದ್ದೇ ಆದರೆ ಅದರ ಬಗ್ಗೆ ನನಗೆ ಗೌರವವಿದೆ.

“ಕನ್ನಡದ ದೆವ್ವದ ಚಿತ್ರಗಳಲ್ಲಿ ಇಂಥದ್ದೇನೂ ಇಲ್ಲ, ನಮ್ಮ ಸಂಸ್ಕೃತಿಯೇ ಬೇರೆ ಎನ್ನುತ್ತೇನೆ. ಒಪ್ಪುತ್ತೀರಾ?” — ಕೊಬ್ಬರಿ ವ್ಯಾಪಾರಿಗಳು, ತಿಪಟೂರು

ಸಾಹುಕಾರರೇ, ಬೇರೆ ಎಂಬುದನ್ನು ಒಪ್ಪುತ್ತೇನೆ, ಇಲ್ಲ ಎಂಬುದನ್ನು ಒಪ್ಪಲಾರೆ. 1979ರ ‘ನಾ ನಿನ್ನ ಬಿಡಲಾರೆ’ ರೀಲುಗಳನ್ನು ನಾನೇ ಓಡಿಸಿದ್ದೇನೆ. ಕಾಮಿನಿ ಎಂಬ ಹೆಣ್ಣಿನ ಪ್ರೇತ ಅನಂತನಾಗ್ ಪಾತ್ರದ ಮೈಹೊಕ್ಕುತ್ತದೆ. ಗಂಡಿನ ಮೈ, ಹೆಣ್ಣಿನ ಹಟ. ಹೆಂಡತಿಯನ್ನು ಹತ್ತಿರ ಸೇರಿಸದ ಗಂಡ. ಕಿಂಡಿಯಿಂದ ನೋಡುತ್ತಿದ್ದೆನಲ್ಲ, ಹೆಂಗಸರ ಸಾಲು ಸೆರಗು ಕಚ್ಚಿಕೊಂಡು ಕೂತಿರುತ್ತಿತ್ತು. ಆದರೆ ಯಾರೂ ನಗುತ್ತಿರಲಿಲ್ಲ. ಅದೇ ಅನಂತನಾಗ್ ದೆವ್ವದ ಹಂಗಿಲ್ಲದೆ ಹಾಗೆ ನಡೆದುಕೊಂಡಿದ್ದರೆ ಸೀಟು ಹರಿಯುತ್ತಿದ್ದರು. ನಮ್ಮಲ್ಲಿ ಮೈಮೇಲೆ ಬಂದಾಗ ಏನು ಮಾಡಿದರೂ ಮಾಫಿ. ದೆವ್ವ ಇಳಿದ ಮೇಲೆ ಮೀಸೆ ತಿರುವಿದರಾಯಿತು.

ಅದಕ್ಕೂ ಹಿಂದಕ್ಕೆ ಹೋಗಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದೇ. ಆ ಕಾಲದ ಕಂಪನಿಗಳಲ್ಲಿ ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ನಮ್ಮ ದೊಡ್ಡಪ್ಪ ಮೂಡಲಪಾಯ ಯಕ್ಷಗಾನದ ಆಟದಲ್ಲಿ ದ್ರೌಪದಿ ವೇಷ ಕಟ್ಟುತ್ತಿದ್ದವರು. ಆಟವಿರಲಿ ಬಿಡಲಿ, ವರ್ಷವಿಡೀ ಮೀಸೆ ಬೋಳಿಸಿರುತ್ತಿದ್ದರು. ಬೆಳಿಗ್ಗೆ ನೇಗಿಲು ಹೂಡಿ ರಾತ್ರಿ ಮುಡಿ ಕಟ್ಟುತ್ತಿದ್ದರು. ವೇಷ ಕಳಚುವಾಗ ಮಾತ್ರ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಚೌಕಿಯ ಹಿಂದೆ ಲಾಟೀನಿನ ಬೆಳಕಿನಲ್ಲಿ ಒಬ್ಬರೇ ಕೂತು, ಕಿವಿಯ ಓಲೆಯನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯುತ್ತಿದ್ದರು. ಹುಡುಗನಾಗಿದ್ದಾಗ ಒಮ್ಮೆ ಕದ್ದು ನೋಡಿ ಬೈಸಿಕೊಂಡಿದ್ದೇನೆ. ಅದಕ್ಕೇನರ್ಥ ಎಂದು ಕೇಳಬೇಡಿ. ನೋಡಿದ್ದನ್ನು ಹೇಳಿದೆ.

“ನಾನು ಮಂಗಳಮುಖಿ. 2012ರಲ್ಲಿ ‘ಕಲ್ಪನಾ’ ಬಂದಾಗ ಬಸ್ಸಿನಲ್ಲಿ ಹುಡುಗರು ಆ ಸಿನಿಮಾದ ಹೆಸರು ಹಿಡಿದು ನನ್ನನ್ನು ಕೂಗುತ್ತಿದ್ದರು, ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರು. ದೆವ್ವವನ್ನು ಕಂಡು ಮರುಗುವುದು ನಿಮಗೆ ಸುಲಭ. ದೆವ್ವ ಎನ್ನಿಸಿಕೊಂಡು ಪ್ರಯಾಣ ಮಾಡುವವರು ನಾವು. ಇಂಥ ಸಿನಿಮಾಗಳನ್ನು ಏಕೆ ಹೊಗಳುತ್ತೀರಿ?” — ಓದುಗರು, ಗುಬ್ಬಿ

ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ಬಳಿ ಪೂರ್ತಿ ಉತ್ತರವಿಲ್ಲ.

‘ಕಲ್ಪನಾ’ 2011ರ ತಮಿಳು ‘ಕಾಂಚನಾ’ದ ಕನ್ನಡ ರೂಪ. ಹೆತ್ತವರು ಹೊರಹಾಕಿದ ಮಂಗಳಮುಖಿಯೊಬ್ಬಳು, ಅವಳ ಜಮೀನಿಗಾಗಿ ನಡೆಯುವ ಕೊಲೆ, ಆಮೇಲೆ ನಾಯಕನ ಮೈಹೊಕ್ಕು ತೀರಿಸಿಕೊಳ್ಳುವ ಸೇಡು. ಸಾಯಿಕುಮಾರ್ ಆ ಪಾತ್ರ ಮಾಡಿದಾಗ ಹಿನ್ನೋಟದ ಭಾಗದಲ್ಲಿ ನಾನು ಕಣ್ಣೊರೆಸಿಕೊಂಡದ್ದು ನಿಜ. ಆದರೆ ನಿಮ್ಮ ಪತ್ರ ಓದಿದ ಮೇಲೆ ಹೊಳೆಯಿತು: ಆ ಕಥೆಯಲ್ಲಿ ಅವಳು ಮರ್ಯಾದೆ ಸಂಪಾದಿಸಲು ಮೊದಲು ಸಾಯಬೇಕು. ಬದುಕಿರುವವರೆಗೆ ಅವಳಿಗಾಗಿ ಯಾರೂ ಸೀಟಿ ಹೊಡೆಯುವುದಿಲ್ಲ.

ಹಾಲಿವುಡ್ಡಿನ ಲೆಕ್ಕವೂ ಚೊಕ್ಕವಲ್ಲ. 1960ರ ‘ಸೈಕೋ’ ಹೆಂಗಸಿನ ಉಡುಪು ತೊಟ್ಟ ಕೊಲೆಗಾರನನ್ನು ಕೊಟ್ಟಿತು. ಕೊನೆಯಲ್ಲಿ ಮನೋವೈದ್ಯನೊಬ್ಬ ನಿಂತು ಮಾಡುವ ಭಾಷಣ ಯಾರಿಗೂ ನೆನಪಿಲ್ಲ, ಸೀರೆಯುಟ್ಟ ಗಂಡಸು ಚಾಕು ಹಿಡಿದಿರುತ್ತಾನೆ ಎಂಬ ಗುಮಾನಿ ಮಾತ್ರ ಲೋಕದಲ್ಲಿ ಉಳಿಯಿತು. 1991ರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಅದೇ ದಾರಿ ಹಿಡಿದಾಗ ಅಲ್ಲಿಯ ಜನ ಬೀದಿಗಿಳಿದು ಪ್ರತಿಭಟಿಸಿದರು. ದೆವ್ವದ ಪಾಲಿಗೆ ಮನಮಿಡಿಯುವ ಚಿತ್ರವೂ, ದೆವ್ವ ಯಾರೆಂದು ಬೆರಳು ತೋರುವ ಚಿತ್ರವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ನಾನು ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಮಾತಾಡಿದ್ದೆ. ತಪ್ಪು ನನ್ನದು.

ದೆವ್ವವಿಲ್ಲದ ಚಿತ್ರವೂ ಕನ್ನಡದಲ್ಲಿದೆ ಎಂದು ನಿಮಗೆ ಹೇಳಬೇಕಿಲ್ಲ. 2015ರ ‘ನಾನು ಅವನಲ್ಲ ಅವಳು’ ಚಿತ್ರದ ಮಂಗಳಮುಖಿ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ನನ್ನ ಕಣ್ಣಿನಲ್ಲಿ ನಿಂತಿರುವ ದೃಶ್ಯ ಸಿನಿಮಾದ್ದಲ್ಲ. 2021ರಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ಅವರಿಗೇ ದೃಷ್ಟಿ ನಿವಾಳಿಸಿದರಲ್ಲ! ಯಾರನ್ನು ಕಂಡರೆ ಜನ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೋ ಅವರೇ ದೇಶದ ದೊಡ್ಡ ಮನೆಗೆ ತಗುಲಿದ ಕೆಟ್ಟ ಕಣ್ಣನ್ನು ತೆಗೆದುಹಾಕಿದರು. ಟಿ.ವಿ.ಯ ಮುಂದೆ ಎದ್ದು ನಿಂತಿದ್ದೆ.

“ಬಾಬಡೂಕ್ ಎಂಬ ದೆವ್ವ ಕ್ವಿಯರ್ ಮೆರವಣಿಗೆಗಳಲ್ಲಿ ಏಕೆ ಕಾಣಿಸುತ್ತದೆ?” — ವಿದ್ಯಾರ್ಥಿ, ತುಮಕೂರು

2014ರ ಆಸ್ಟ್ರೇಲಿಯಾದ ಚಿತ್ರ, ಜೆನಿಫರ್ ಕೆಂಟ್ ನಿರ್ದೇಶನ. ದೆವ್ವಕ್ಕೆ ಎತ್ತರದ ಟೋಪಿ, ಕಪ್ಪು ಕೋಟು. ಅಂತರ್ಜಾಲದ ತಮಾಷೆಯಾಗಿ ಶುರುವಾಗಿ 2017ರ ಜೂನ್ ಹೊತ್ತಿಗೆ ಮೆರವಣಿಗೆಯವರು ಅದರ ವೇಷವನ್ನೇ ಕಟ್ಟಿದರು. ಮನೆಯ ನೆಲಮಾಳಿಗೆಯಲ್ಲಿ ಕೂತು, ನನ್ನನ್ನು ಇಲ್ಲವೆಂದಷ್ಟೂ ಬೆಳೆಯುತ್ತೇನೆ ಎನ್ನುವ ದೆವ್ವ ಅದು. ತಮಾಷೆ ಏಕೆ ಅಂಟಿಕೊಂಡಿತು ಎಂಬುದಕ್ಕೆ ಇಷ್ಟು ಸಾಕು.

“ನನಗೆ 24 ವರ್ಷ. ಚಿಕ್ಕಂದಿನಿಂದ ದೆವ್ವದ ಸಿನಿಮಾ ನೋಡುವಾಗ ನನ್ನ ಮನಸ್ಸು ದೆವ್ವದ ಕಡೆಗೇ. ನನಗೆ ಹುಡುಗರೇ ಇಷ್ಟ ಎಂದು ಅಮ್ಮನಿಗೆ ಹೇಳಿದೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದಾರೆ. ಅಮಾವಾಸ್ಯೆಗೆ ಬಿಡಿಸುವವರ ಹತ್ತಿರ ಕರೆದೊಯ್ಯುತ್ತಾರಂತೆ. ಒಂದು ಸಿನಿಮಾ ಹೇಳಿ, ಸಾಕು.” — ಹೆಸರು ಬೇಡ, ಕುಣಿಗಲ್

ತಮ್ಮಾ, ಸಿನಿಮಾ ಆಮೇಲೆ. ಮೊದಲು ಅಮ್ಮನಿಗೆ ಓದಿ ಹೇಳಲು ನಾಲ್ಕು ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಮಾನಸಿಕ ರೋಗವಲ್ಲ ಎಂದು ಹೇಳಿದೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ಪ್ರೀತಿಸುವುದು ಅಪರಾಧವಲ್ಲ ಎಂದು ತೀರ್ಪು ಕೊಟ್ಟಿದೆ. ಇದನ್ನು ಬಿಡಿಸುತ್ತೇನೆಂದು ಚಿಕಿತ್ಸೆಗಿಳಿಯುವ ವೈದ್ಯರದು ವೃತ್ತಿದ್ರೋಹ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಿಳಿಸಿದೆ. ಡಾಕ್ಟರಿಗೇ ಕೂಡದ್ದನ್ನು ಬೇವಿನ ಸೊಪ್ಪಿನವರು ಮಾಡಬಹುದೇ? ನಿನಗೆ 24, ಬರುವುದಿಲ್ಲ ಎನ್ನುವ ಹಕ್ಕು ನಿನಗಿದೆ. ಅಮಾವಾಸ್ಯೆಯ ದಿನ ನಂಬಿಕೆಯ ಗೆಳೆಯರ ಮನೆಯಲ್ಲಿರು. ತಾಯತ ಕೈಯಲ್ಲಿದ್ದರೆ ಇರಲಿ, ಅದು ಅಮ್ಮನ ಹೆದರಿಕೆ. ದಾರ ಸವೆದಾಗ ಬೀಳುತ್ತದೆ.

ಸಿನಿಮಾ ಎಂದರೆ ಆ ಕುರುಡು ಮುದುಕನ ಗುಡಿಸಲನ್ನು ನೋಡು. ಅದನ್ನು ನನಗೆ ನೋಡಲು ಕಲಿಸಿದವನು ನಿನಗಿಂತ ಚಿಕ್ಕ ಹುಡುಗ.

1992ರ ಮಾತು. ಬೆಂಗಳೂರಿನಿಂದ ತಂದ ಒಂದು ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ವೇಲ್ ಅವರ ಫ್ರಾಂಕನ್‌ಸ್ಟೈನ್ ಚಿತ್ರಗಳು ಎರಡೂ ಇದ್ದವು, 70 ನಿಮಿಷದ್ದು ಒಂದು, 75ರದ್ದು ಇನ್ನೊಂದು. ನಮ್ಮ ಊರಿನಲ್ಲಿ ಅದನ್ನು ಕೇಳುವವರಿಲ್ಲ, ಪಿಯುಸಿ ಓದುತ್ತಿದ್ದ ಒಬ್ಬ ಹುಡುಗನ ಹೊರತು. ಸೈಕಲ್ಲನ್ನು ಎದುರಿನ ಅಂಗಡಿಯ ಮುಂದೆ ನಿಲ್ಲಿಸಿ ಬರುತ್ತಿದ್ದ. ಬಾಡಿಗೆ ದಿನಕ್ಕೆ 10 ರೂಪಾಯಿ, ರಿವೈಂಡ್ ಮಾಡದೆ ತಂದರೆ 2 ರೂಪಾಯಿ ದಂಡ. ಅವನು ಒಮ್ಮೆಯೂ ದಂಡ ಕಟ್ಟಲಿಲ್ಲ. ಯಾವಾಗಲೂ ಮೊದಲಿನವರೆಗೆ ಪೂರ್ತಿ ಸುತ್ತಿಯೇ ತರುತ್ತಿದ್ದ. ಆರನೆಯದೋ ಏಳನೆಯದೋ ಸಲ ಕೇಳಿದಾಗ ಅಂಗಡಿಯಲ್ಲಿ ಮೂರು ನಾಲ್ಕು ಜನ ಇದ್ದರು. ನಾನು “ಏನಪ್ಪಾ, ಮತ್ತೆ ಅದೇನಾ? ಆ ರಾಕ್ಷಸನನ್ನೇ ಮದುವೆಯಾಗುತ್ತೀಯೇನು?” ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮಾರನೆಯ ದಿನ ಕ್ಯಾಸೆಟ್ ತಂದುಕೊಟ್ಟು ಹೋದವನು ಮತ್ತೆ ಬರಲಿಲ್ಲ.

ಎಷ್ಟೋ ತಿಂಗಳ ಮೇಲೆ ಕಾಲೇಜಿನ ಮೇಷ್ಟ್ರೊಬ್ಬರು ಅದೇ ಕ್ಯಾಸೆಟ್ ಒಯ್ದು, ನಡುವೆ ಒಂದು ಕಡೆ ಚಿತ್ರ ಕೆಟ್ಟಿದೆ ಎಂದು ತಂದರು. ಹಾಕಿ ನೋಡಿದೆ. ಪಾಜ್ ಗುಂಡಿ ಒತ್ತಿ ನಿಲ್ಲಿಸಿದಾಗ ಯಂತ್ರದೊಳಗೆ ತಿರುಗುವ ಹೆಡ್ ಟೇಪಿನ ಒಂದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಪದೇ ಪದೇ ಹಾಗೆ ಮಾಡಿದರೆ ಅಲ್ಲಿ ಬಿಳಿ ಗೆರೆಗಳು ಏಳುತ್ತವೆ. ಎರಡೂ ಚಿತ್ರಗಳು ಕನ್ನಡಿಯಂತಿದ್ದವು. ಮುದುಕ ರಾಕ್ಷಸನ ಕೈ ಹಿಡಿದುಕೊಂಡು ಅಳುವಲ್ಲಿ ಮಾತ್ರ, ತುಂತುರು ಮಳೆ ಸುರಿದಂತೆ, ಮುಖಗಳೇ ಕಾಣುತ್ತಿರಲಿಲ್ಲ. ಹೆಡ್ ತೊಳೆದು ನೋಡಿದೆ, ಬೇರೆ ಯಂತ್ರದಲ್ಲಿ ಹಾಕಿ ನೋಡಿದೆ. ಅದು ಟೇಪಿನದೇ ಗಾಯ. ತಾನು ಎಲ್ಲಿ ನಿಲ್ಲಿಸಿದ್ದನೆಂಬುದು ನನಗೆ ತಿಳಿಯಬಾರದೆಂದು ಅವನು ಅಷ್ಟು ಜೋಪಾನವಾಗಿ ಸುತ್ತಿ ತರುತ್ತಿದ್ದನೇನೋ.

2003ರಲ್ಲಿ ಅಂಗಡಿ ಮುಚ್ಚಿದಾಗ ಸದಸ್ಯರ ಡಿಪಾಜಿಟ್ಟುಗಳನ್ನು ಹುಡುಕಿ ಹುಡುಕಿ ಹಿಂದಿರುಗಿಸಿದೆ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದಿನ 200 ರೂಪಾಯಿ ಹಾಗೆಯೇ ಉಳಿದಿದೆ. ಅವನಿಗೆ ಈಗ ಐವತ್ತರ ಹತ್ತಿರ ಇರಬೇಕು. ಈ ಪುಟ ಕಣ್ಣಿಗೆ ಬಿದ್ದರೆ ಸಂಪಾದಕರಿಗೆ ಒಂದು ಕಾರ್ಡು ಹಾಕಲಿ. ಬಡ್ಡಿ ಕೊಡುವ ಶಕ್ತಿ ಪಿಂಚಣಿಯಿಲ್ಲದ ಆಪರೇಟರನಿಗಿಲ್ಲ. ಅಸಲು ಸಿದ್ಧವಿದೆ, ಕ್ಯಾಸೆಟ್ಟೂ ಇದೆ.